ಉಣ್ಣಿ

ಹೈಮಾದ ಆಸ್ಪತ್ರೆಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ,
ಲ್ಯಾಬಿನಲ್ಲಿ ರಕ್ತ ಎಳೆಯುವವಳು.
ಅದಕ್ಕೇ ಕರೆದರು ಡಾಕ್ಟರ್ ಮುತಾಸಿಮ್:
ವಾರಿಜಾ, ಇವನು ಏನು ಹೇಳುತ್ತಿದ್ದಾನೆ, ಕೇಳು.

ಪಿಕಪ್ಪಿನ ಹಿಂದೆ, ಮೇವಿನ ಮೂಟೆಗಳ ನಡುವೆ
ಮಲಗಿಸಿ ತಂದಿದ್ದರು.
ಮೈಲಾರಿ. ಶಿರಹಟ್ಟಿ ಕಡೆಯವನು.
ನಾಲ್ಕು ವರ್ಷದಿಂದ ಮುನ್ನೂರು ಆಡು, ಹನ್ನೊಂದು ಒಂಟೆ,
ಮಾತಿಗೆ ಒಂದು ಸಲೂಕಿ ನಾಯಿ.
ಮೈ, ಮಧ್ಯಾಹ್ನದ ತಗಡು.
ಕಂಕುಳಲ್ಲಿ ನಿಂಬೆಗಾತ್ರದ ಗಂಟು.

ಏನು ಕಚ್ಚಿತು, ಕೇಳಿದೆ.
ಹಲ್ಲು ಕಟಕಟ ಅನ್ನುತ್ತಿತ್ತು.
"ಉಣ್ಣಿ" ಅಂದ. "ಉಣ್ಣಿ ರೀ, ಅಕ್ಕಾರ."

ನಾನು ಕುಂದಾಪುರದವಳು.
ಉಂಡ್ಯಾ, ಉಣ್ಣು, ಉಣ್ಲಿಲ್ಯಾ:
ಆ ಸದ್ದು ಕಿವಿಗೆ ಬಿದ್ದರೆ
ಎಲೆಯ ಮುಂದೆ ಕೂತ ಹಾಗೆ.
ಊಟದಿಂದ ಅಂತಿದ್ದಾನೆ, ಡಾಕ್ಟರೇ.
ಅವರು ಬರೆದುಕೊಂಡರು.
ಹೊಟ್ಟೆಗೆ ಮದ್ದು, ಎರಡು ಬಾಟಲಿ ಗ್ಲೂಕೋಸು,
ಒಂದೂವರೆ ದಿನ.

ಆ ಒಂದೂವರೆ ದಿನದಲ್ಲಿ
ಜ್ವರ ಏನೇನು ಉಂಡಿತೋ.

ಎರಡನೇ ರಾತ್ರಿ ಅಂಗಿಯ ಜೇಬು ತೋರಿಸಿದ.
ರೀಚಾರ್ಜ್ ಚೀಟಿಯ ಮಡಿಕೆಯಲ್ಲಿ
ಔಡಲ ಬೀಜದಂಥದ್ದೊಂದು, ಬೂದು, ನುಣುಪು,
ಒಂದು ತುದಿಗೆ ಕಾಲು.

ಅಯ್ಯೋ, ಉಣುಗು!
"ಅದನ್ನ ನಾ ಹೇಳಾಕತ್ತಿದ್ದು" ಅಂದ.
ಬೈಯಲಿಲ್ಲ. ಬೈಯಬಹುದಿತ್ತು.

ನಾಯಿ ತಂದ ಮೊಲವಂತೆ.
ಓಡದೇ ಸಿಕ್ಕ ಮೊಲ; ಅಲ್ಲೇ ತಿಳೀಬೇಕಿತ್ತು ಅಂದ,
ಕುರಿ ಕಾಯೋ ಮನಿಯಾಗ ಹುಟ್ಟಿದಾಂವಗ.
ಕಿವಿಯ ಅಂಚಿಗೆ ಸಾಲಾಗಿ ಕೂತಿದ್ದವನ್ನು
ಬರಿಗೈಲಿ ಕಿತ್ತು ಕಿತ್ತು ಕೆಂಡಕ್ಕೆ ಹಾಕಿದ್ದು,
ಚಟ್, ಚಟ್.
ಆಮೇಲೆ ಸುಲಿದು, ಬೇಯಿಸಿ, ನಾಯಿಗೂ ಒಂದು ಪಾಲು.
ಹಾಗೆ ನೋಡಿದರೆ ಊಟವೂ ಪೂರ್ತಿ ಸುಳ್ಳಲ್ಲ
ಅಂತ ನನಗೆ ನಾನೇ ಹೇಳಿಕೊಂಡೆ,
ಗೇಟಿನ ಕಾವಲುಗಾರನಿಗೆ ಆ ಹುಳ ತೋರಿಸಿ
ಅರಬ್ಬಿಯಲ್ಲಿ ಇದರ ಹೆಸರೇನು ಅಂತ ಕೇಳಲು
ಬರಿಗಾಲಲ್ಲಿ ಓಡುವಾಗ.

ಗುರಾದ್.
ಮದ್ದು ಬದಲಾಯಿತು.
ನಾಲ್ಕನೇ ದಿನ ಎದ್ದು ಕೂತವನು
ಮೊದಲು ವಿಚಾರಿಸಿದ್ದು ನಾಯಿಯನ್ನು.
ನಾಯಿಯ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ಮಸ್ಕತ್ತಿನಿಂದ ವರದಿ ಬರುವಷ್ಟರಲ್ಲಿ
ಅವನು ಮರಳಿಗೆ ಮರಳಿಯಾಗಿತ್ತು.
ಉದ್ದನೆಯ ಹೆಸರು. ಫೋನಿನಲ್ಲಿ ಎರಡು ಸಲ ಓದಿದೆ.
ಆ ಕಡೆ ಗಾಳಿ, ಆಡುಗಳ ಕೆಮ್ಮು.
"ನಮ್ ಮಾತಿನ್ಯಾಗ ಏನಂತಾರ್ರೀ ಅದಕ್ಕ?"
ಹೆಸರಿಲ್ಲ, ಅಂದೆ.
"ಹಂಗಾರ ಮೊಲದ ಬ್ಯಾನಿ ಅಂತ ಬರ್ಕೋರಿ."

ಬರೆದುಕೊಂಡೆ, ಕ್ಯಾಲೆಂಡರಿನ ಹಿಂದೆ.
ಇಡುವ ಮುಂಚೆ ಅವನು ಕೇಳಿದ:
"ಉಂಡ್ರೇನ್ರೀ, ಅಕ್ಕಾರ?"

ಉತ್ತರ ಕೊಡುವ ಮೊದಲು
ಇನ್ನೊಂದು ಸಲ ಹೇಳು ಅಂದೆ.