ಗೋಡಿ ಬರೆಸಿದ ಖರ್ಚು

ಬಾಬು ಫೋನ್ ಮಾಡಿದ: ಲಾಡ್ಲೇಸಾಬ, ನಾಳಿಗಿ ಬಾ,
ಮ್ಯಾಲಿನಿಂದ ಹುಕುಂ ಬಂದದ,
ದವಾಖಾನಿ ಜಮಾಖರ್ಚು ಗೋಡಿಗಿ ಬರಸಬೇಕಂತ,
ಜನರಿಗಿ ಕಾಣಂಗ.

ಸೇಡಮಿನಿಂದ ಮೊದಲ ಬಸ್ಸಿಗಿ ಹೋದೆ ಕೊಂಕನಗೇರಾಕ್ಕ.
ಎರಡು ಡಬ್ಬಿ ಬಣ್ಣ, ಮೂರು ಕುಂಚ, ದಾರ, ಸೀಮಿಸುಣ್ಣದ ತುಂಡು.
ಜನರಿಗಿ ಕಾಣೋ ಗೋಡಿ ಯಾವುದ್ರಿ, ಅಂದೆ.
ತೋರಿಸಿದ್ದು ಹಿಂದಿನ ಗೋಡಿ,
ನೀರಿನ ಟಾಕಿ ಮಗ್ಗಲ, ಜಾಲಿಕಂಟಿ ಕಡಿ ಮಾರಿ ಮಾಡಿದ್ದು.
ಇಲ್ಲಿ ಓದಲಾಕ ಹಂದಿ ಬರತಾವ, ಅಂದೆ.
ನಕ್ಕ. ಫೋಟೋಕ್ಕ ಇಷ್ಟು ಸಾಕು, ಅಂದ.

ಕುಂಚ ಇಟ್ಟರ ಪ್ಲಾಸ್ಟರ್ ಉದುರಿತು.
ದೇಶಕ್ಕೆಲ್ಲ ಸಿಮೆಂಟ್ ಕಳಸೋ ಸೀಮಿ ನಮ್ಮದು,
ಈ ಗೋಡಿಗಿ ಮಾತ್ರ ಬರೇ ಉಸುಕು.
ಹಂಗಾಗಿ ಮುಂದಿನ ಗೋಡಿಗೇ ಬಂದೆ,
ಚೀಟಿ ಮಾಡಸೋ ಕಿಡಕಿ ಬಾಜೂಕ,
ಶಹಾಬಾದ ಫರಸಿ ಮ್ಯಾಲ ಹೆಣ್ಮಕ್ಕಳು ಸಾಲಾಗಿ ಕುಂದ್ರೋ ಕಡಿ.

ಅಕ್ಷರ ನನಗ ರೊಟ್ಟಿ. ಅರ್ಥ ನೋಡಿ ಬರದವನಲ್ಲ.
ಗುಟಕಾ ಬರದೀನಿ, ಗುಟಕಾದಿಂದ ಕ್ಯಾನ್ಸರ್ ಅಂತನೂ ಬರದೀನಿ,
ಅದೇ ಗೋಡಿ, ಅದೇ ಕೆಂಪು.

ಏನ್ ಬರೀಲತ್ತಿ ಮಾಮಾ, ಜರಾ ಓದಿ ಹೇಳು.
ಬೆನ್ನ ಹಿಂದ ಶಾಣಮ್ಮ,
ಮೊಮ್ಮಗನ ಕಾಲಿಗಿ ಅರಿವಿ ಸುತ್ತಿಕೊಂಡು ಕುಂತಾಕಿ.
ಓದಿದೆ:
ಫ್ರಿಜ್ ರಿಪೇರಿ, ಎಂಟು ಸಾವಿರದ ಏಳುನೂರಾ ಐವತ್ತು.

ಯಾವ ಫ್ರಿಜ್ಜು, ಹಾವಿನ ಸೂಜಿ ಇಡೋದಾ?
ಅದರ ಬಾಗಲಾ ನಿಲ್ಲಲ್ದಕ ಸೀರಿ ಅಂಚು ಕಟ್ಟ್ಯಾರ, ಹೋಗಿ ನೋಡು.
ಹೋದ ವರ್ಷ ತೊಗರಿ ಹೊಲದಾಗ ನಮ್ಮ ಭಾಗವ್ವಗ ಕಚ್ಚಿದಾಗ
ಸೂಜಿ ಕೆಟ್ಟಾವ, ಕಲಬುರಗಿಗಿ ಒಯ್ಯಿರಿ ಅಂದ್ರು.
ಮಳಖೇಡ ದಾಟಲಿಲ್ಲ ಜೀಪು.

ಕುಂಚ ಸೊನ್ನಿ ಮ್ಯಾಲ ನಿಂತಿತ್ತು. ಬಣ್ಣ ಇಳೀತು,
ಸೊನ್ನಿಗಿ ಬಾಲ ಬಂದು ಒಂಬತ್ತಾಯಿತು.
ಇಷ್ಟು ಸಸಾರ ನೋಡ್ರಿ ಹೆಚ್ಚಾಗೋದು.
ಒರಸಿದೆ.

ಮುಂದ ಓದು, ಅಂದರು ಎಲ್ಲಾರೂ.
ಚಾದರ ಹನ್ನೆರಡು ಅಂದಾಗ ಶಾಣಮ್ಮನೇ ಎದ್ದು ಹೋಗಿ ಎಣಿಸಿ ಬಂದಳು:
ಹನ್ನೆರಡೇ ಅದಾವ. ಖರೇ ಇದ್ದದ್ದಕ ಖರೇ ಅನಬೇಕು.
ಜನರೇಟರಿನ ಡೀಸೆಲ್ ಅಂದೆ.
ಒಳಗಿನಿಂದ ಯಾರೋ ನಕ್ಕರು,
ನಿನ್ನಿ ರಾತ್ರಿ ಮೊಬೈಲ್ ಬೆಳಕಿನಾಗ ಹಡದಾಕಿ,
ಹೊಟ್ಟಿ ಹಿಡಕೊಂಡು, ನೋವಾದರೂ ಬಿಡದೆ.

ಚೀಟಿಯ ಕಡೀ ಸಾಲು:
ಗೋಡಿ ಬರೆಸಿದ ಖರ್ಚು, 6,000.
ನನಗ ಮಾತಾದದ್ದು ಹನ್ನೆರಡುನೂರು, ಚಹಾ ಬ್ಯಾರೆ.

ಮೂವತ್ತು ವರ್ಷದಾಗ ಮೊದಲನೇ ಸಲ
ನಾ ಬರಿಯೋದನ್ನ ನಾ ಓದಿದೆ.
ಬಾಬುನ ಕಡಿ ನೋಡಿದೆ. ಅವನೂ ಹೊರಗುತ್ತಿಗಿಯವ,
ಮೂರು ತಿಂಗಳಾತು ಪಗಾರ ಕಾಣದ.
ಚೀಟಿ ಅವನಿಗೂ ಮ್ಯಾಲಿಂದನೇ ಬಂದದ್ದು.

ಬರದೆ. ಹೇಳಿದಂಗೇ ಬರದೆ.
ಆರರ ಮುಂದ ಮೂರು ಸೊನ್ನಿ, ದುಂಡಗ, ಒಂದಕ್ಕೂ ಬಾಲಿಲ್ಲ.
ಆಮ್ಯಾಲ ಕೆಳಗಿನ ಮೂಲ್ಯಾಗ,
ಪೇಂಟರ್ ಹೆಸರು ಹಾಕೋ ಜಾಗಾದಾಗ,
ಲಾಡ್ಲೇ ಆರ್ಟ್ಸ್, ಸೇಡಂ. ಫೋನ್ ನಂಬರ್.
ಅದರ ಕೆಳಗ ಸಣ್ಣ ಕುಂಚದಿಂದ:
ಮುಟ್ಟಿದ ಕೂಲಿ 1,200.

ಬಾಬು ರಸ್ತಾದ ಆಚಿಂದ ಫೋಟೋ ಹೊಡದ.
ಅಷ್ಟು ದೂರದಿಂದ ಅದು ಕಾಣಂಗಿಲ್ಲ.
ನಾ ಡಬ್ಬಿ ಮುಚ್ಚೋದರೊಳಗ
ಆಗಷ್ಟೇ ಬಂದು ಕುಂತ ಒಬ್ಬಾಕಿಗಿ
ಶಾಣಮ್ಮ ಬೆರಳು ಮಾಡಿ ತೋರಸಲತ್ತಿದ್ದಳು,
ಮ್ಯಾಲಿಂದ ಅಲ್ಲ,
ಕೆಳಗಿನ ಸಾಲಿನಿಂದ.