ಎರಡೂವರೆ

ಗುರುವಾರ, ಗ್ರಿಮ್ಸ್‌ಬಿಯಲ್ಲಿ ನಮ್ಮ ಬೀದಿಗೆ ಕಸದ ಗಾಡಿ ಬರುವ ದಿನ.
ಅದರ ಹಿಂದೆಯೇ ಬಂದ
ಕೌನ್ಸಿಲ್ಲಿನ ಪ್ರೆಂಟಿಸ್.
ಒದ್ದೆ ಕೊಡೆ ಎಲ್ಲಿಡಲಿ ಎಂದು
ಬೊಝೆನಾಳನ್ನು ಕೇಳಿದ,
ಮನೆ ನನ್ನದು.

ಹಳೆಯ ನಿಧಿ ಮುಚ್ಚಿತಂತೆ, ಇನ್ನು ಹೊಸ ಲೆಕ್ಕ.
ಹಲ್ಲುಜ್ಜಲು ನಾಲ್ಕು ನಿಮಿಷ, ಸರಿಯೇ?
ಕುರ್ಚಿಯಿಂದ ಹಾಸಿಗೆಗೆ, ಎತ್ತುವ ಯಂತ್ರ ಸೇರಿ, ಹನ್ನೆರಡು.
ಊಟಕ್ಕೆ ಇಪ್ಪತ್ತೆರಡು.
ಮೀನಿನ ಮುಳ್ಳು ಬಿಡಿಸುವುದೂ ಇದರಲ್ಲೇ ಬಂತೇ, ಎಂದೆ.
ಹಾಳೆ ತಿರುವಿ ನೋಡಿದ.
ಮುಳ್ಳಿಗೆ ಖಾನೆ ಇರಲಿಲ್ಲ.

ನನ್ನಪ್ಪ ಇದೇ ಹಡಗುಕಟ್ಟೆಯಲ್ಲಿ
ಮೂವತ್ತು ವರ್ಷ ಕಾಡ್ ಮೀನು ಸೀಳಿದವನು.
ಕತ್ತಲಲ್ಲೂ ಬೆರಳು ಮುಳ್ಳನ್ನು ಓದುತ್ತಿತ್ತು.

ಆಮೇಲೆ ರಾತ್ರಿಯ ಮಾತು ಬಂತು.
ಎರಡೂವರೆಗೆ ಒಮ್ಮೆ ಎಬ್ಬಿಸಿ ಕೂರಿಸಲು
ಇಡೀ ರಾತ್ರಿಗೆ ಒಬ್ಬರ ಸಂಬಳವೇ?
ಪ್ಯಾಡ್ ಕಟ್ಟಿಕೊಂಡು ಮಲಗಬಹುದಲ್ಲ.
ಮೆತ್ತಗೇ ಹೇಳಿದ, ಪಾಪ.
ಕಿವಿ ಕೆಂಪಾಗಿತ್ತು.

ನನಗೆ ನಲವತ್ತೇಳು.
ಕೈಕಾಲು ಹೇಳಿದ ಮಾತು ಕೇಳುವುದಿಲ್ಲ, ನಿಜ.
ಉಚ್ಚೆ ಕೇಳುತ್ತದೆ.
ತಾಳು ಎಂದರೆ ಎರಡೂವರೆಯ ತನಕ ತಾಳುತ್ತದೆ.
ಈ ಮೈಯಲ್ಲಿ ಇನ್ನೂ ನನ್ನ ಕಡೆಯೇ ಇರುವುದು
ಅದೊಂದು.
ಅದನ್ನೂ ಬಿಟ್ಟುಕೊಡು ಎನ್ನುತ್ತೀರಿ.

ಇಷ್ಟು ಹೇಳಲು ಪದಕ್ಕೊಂದು ಉಸಿರು ಬೇಕಾಯಿತು ನನಗೆ.
ಪ್ರೆಂಟಿಸ್ ಕಾದ. ಅಷ್ಟರ ಮಟ್ಟಿಗೆ ಒಳ್ಳೆಯವನು.

ಈ ಹಣ ಬರುವ ಮುಂಚೆ
ತಂಗಿ ಮುರಿಯೆಲ್ ಎತ್ತುತ್ತಿದ್ದಳು ನನ್ನ.
ಪ್ರೀತಿಯಿಂದಲೇ. ಆದರೂ ನೀರು ಕೇಳುವ ಮೊದಲು
ಅವಳ ಮುಖ ನೋಡುತ್ತಿದ್ದೆ,
ನೋಡಿ, ಬಾಯಾರಿಕೆಯನ್ನು ಅರ್ಧ ಮಾಡಿಕೊಳ್ಳುತ್ತಿದ್ದೆ.
ಬೊಝೆನಾಳಿಗೆ ಸಂಬಳವಿದೆ, ರಜೆಯಿದೆ,
ನನ್ನ ರೇಡಿಯೋ ಮೇಲೆ ಸಿಟ್ಟೂ ಇದೆ.
ಹಂಗಿಲ್ಲ.
ಮುರಿಯೆಲ್ ಈಗ ಭಾನುವಾರ ಬರುತ್ತಾಳೆ
ಹರಟೆಗೆ, ನನ್ನ ತಟ್ಟೆಯ ಚಿಪ್ಸ್ ಕದಿಯಲಿಕ್ಕೆ.

ಕೌನ್ಸಿಲ್ಲಿನ ಕಾಗದ ಇನ್ನೂ ಬಂದಿಲ್ಲ.

ನಿನ್ನೆ ಎರಡೂವರೆಗೆ
ಬೊಝೆನಾ ಆಕಳಿಸುತ್ತ ಬಂದಳು, ಒಂದು ಕಾಲಿಗೆ ಮಾತ್ರ ಚಪ್ಪಲಿ.
ಎತ್ತಿದಳು, ಕೂರಿಸಿದಳು, ಬೆನ್ನು ತಿರುಗಿಸಿ ನಿಂತಳು,
ಕಿಟಕಿ ಸ್ವಲ್ಪ ತೆರೆದಳು.
ಹೊರಗೆ, ದೀಪದ ಕಂಬದ ಕೆಳಗೆ,
ಪಕ್ಕದ ಮನೆಯ ಕಸದ ಡಬ್ಬಿಯನ್ನು
ಗುರುವಾರಕ್ಕೆ ಕಾಯದೆ ತೆರೆಯುತ್ತಿತ್ತು ಒಂದು ನರಿ.
ಇಬ್ಬರೂ ಮಾತಾಡಲಿಲ್ಲ.

ಎಣಿಸಿದ್ದೇನೆ, ಬರೆದುಕೊಳ್ಳಿ:
ಹೋಗಿ ಬರಲು ಒಂಬತ್ತು ನಿಮಿಷ.
ನರಿಗೆ ಎರಡು.