ಬಯಲಿನ ಅಗಲ

ಲಿಯೆಪಾಯಾದ ಗಾಳಿಗೆ ಉಪ್ಪಿನ ನಾಲಿಗೆ.
ನೆಕ್ಕಿ ನೆಕ್ಕಿ ಜಿಗ್ರೀಡಾಳ ರೇಡಿಯೋದ
ತಿರುಗುವ ಕೆಪಾಸಿಟರಿನ ಎಲೆಗಳ ನಡುವೆ
ಬಿಳಿ ಬೂಷ್ಟು ಹತ್ತಿಸಿತ್ತು.
ಗುಂಡಿ ತಿರುಗಿಸಿದರೆ ಕರಕರ, ಹಲ್ಲಿಗೆ ಮರಳು ಸಿಕ್ಕ ಹಾಗೆ.
ಆಕೆಯ ಬೆರಳೂ ಅಷ್ಟೇ: ಮೂವತ್ತು ವರ್ಷ
ಹಡಗಿನ ಅಡುಗೆಮನೆಯಲ್ಲಿ
ನಲವತ್ತು ಜನರ ಹೆರಿಂಗ್ ಮೀನು ಸೀಳಿ
ಗಂಟುಗಂಟು.

"ವಿಲ್ನಿಸ್, ಕುರ್ಚಿಯಿಂದ ಏಳದೆ ಕೇಳುವ ಹಾಗೆ ಮಾಡಿಕೊಡು."
ಕೇಳುವುದಾದರೂ ಏನು? ಲಾಂಗ್‌ವೇವಿನ ಮೇಲಂಚಿನಲ್ಲಿ
ವಿಮಾನಗಳಿಗೆ ದಾರಿ ಹೇಳುವ ಒಂದು ಬೀಕನ್.
ಎರಡೇ ಅಕ್ಷರ, ಮೋರ್ಸಿನಲ್ಲಿ, ಹಗಲೂ ರಾತ್ರಿ.
ಸುದ್ದಿಯಿಲ್ಲ, ಹಾಡಿಲ್ಲ.
ಮಾತು ಬೇಕಾದಷ್ಟು ಕೇಳಿದ್ದಾಗಿದೆ ಎಂಬುದು ಆಕೆಯ ವಾದ.

ಆಂಟೆನಾದ ಸುರುಳಿ ಕಿಟಕಿಯಲ್ಲಿ, ಗುಂಡಿ ಕುರ್ಚಿಯ ತೋಳಿನಲ್ಲಿ,
ನಡುವೆ ಆರು ಮೀಟರ್ ವೈರು.
ಅದರಲ್ಲಿ ಹೋಗಬೇಕಾದ್ದು ಒಂದಿಷ್ಟು ವೋಲ್ಟು ಮಾತ್ರ.
ಹಾಗಾದರೆ ವ್ಯಾರಕ್ಟರೇ ಸರಿ.

ವ್ಯಾರಕ್ಟರ್ ಅಂದರೆ ಡಯೋಡೇ. ಉಲ್ಟಾ ಕೂರಿಸಬೇಕು.
ಒಳಗೆ ಬಿಡಲ್ಲ ಎಂದು ಅದು ಬಾಗಿಲಿಕ್ಕಿಕೊಂಡಾಗ
ಎದೆಯಲ್ಲೊಂದು ಬಯಲು ಹುಟ್ಟುತ್ತದೆ:
ಅತ್ತಣವರು ಅತ್ತ, ಇತ್ತಣವರು ಇತ್ತ, ನಡುವೆ ಯಾರೂ ಇಲ್ಲ.
ವೋಲ್ಟು ಏರಿಸಿದಷ್ಟೂ ಬಯಲು ಅಗಲ,
ಬಯಲು ಅಗಲವಾದಷ್ಟೂ ಹಿಡಿತ ಕಡಿಮೆ,
ಶ್ರುತಿ ಮೇಲೆ.
ಐವತ್ತು ವರ್ಷದಿಂದ ಈ ಬಯಲನ್ನು
ಪಿಕೊಫ್ಯಾರಡಿನಲ್ಲಿ ಅಳೆಯುತ್ತಿದ್ದೇನೆ. ಕಂಡವನಲ್ಲ.

ಡ್ರಾಯರಿನಲ್ಲಿದ್ದವು ಟೀವಿ ಟ್ಯೂನರಿನವು, ಸಾಸಿವೆಯಷ್ಟು,
ಹದಿನೈದು ಪಿಕೊಫ್ಯಾರಡ್.
ಮೇಲಿನ ಬ್ಯಾಂಡುಗಳಲ್ಲಿ ಅವು ಜಿಂಕೆ.
ಈ ಕೆಳಗಿನ ಮುನ್ನೂರು ಕಿಲೋಹರ್ಟ್ಸಿಗೆ
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಐನೂರು ಹಿಡಿಯುವ ದೊಡ್ಡ ಹೊಟ್ಟೆಯವನ್ನು
ಈಗ ಮಾಡುವವರೇ ಅಪರೂಪ.
ಅಂಚೆಯಲ್ಲಿ ತರಿಸಿದ ಹತ್ತರಲ್ಲಿ ಎಂಟರ
ಮೈಮೇಲಿನ ಹೆಸರು ಉಗುರಿಗೇ ಎದ್ದು ಬಂತು;
ಮೀಟರಿಗೆ ಕೊಟ್ಟರೆ ಅವೂ ಸಾಸಿವೆ.

ಕೆಂಪು ಎಲ್‌ಇಡಿ ಕಟ್ಟಿ ನೋಡಿದೆ. ಮೋಡ ಸರಿದು
ಕಿಟಕಿಗೆ ಬಿಸಿಲು ಬಂದರೆ ಸ್ಟೇಷನ್ನೇ ಜಾರುತ್ತಿತ್ತು.
ನನ್ನ ಬಳಿ ಇದ್ದ ಝೀನರುಗಳು ಸೋರುವ ಕೊಡ.
ಕೊನೆಗೆ, ಹಳೆಯ ಬ್ಯಾಟರಿ ಚಾರ್ಜರುಗಳಿಂದ ಕಿತ್ತ
ದಪ್ಪ ಡಯೋಡು.
ಯಾವ ಪಟ್ಟಿಯಲ್ಲೂ ಈ ಕೆಲಸಕ್ಕೆ ಅದರ ಹೆಸರಿಲ್ಲ.
ಒಂದು ವೋಲ್ಟಿನಿಂದ ಹನ್ನೆರಡರವರೆಗೆ ಅಳೆದು, ಬರೆದು,
ಇಪ್ಪತ್ತರಲ್ಲಿ ಹೊಂದುವ ನಾಲ್ಕನ್ನು ಆರಿಸಿ
ಎರಡೆರಡಾಗಿ ಬೆನ್ನಿಗೆ ಬೆನ್ನು ಕಟ್ಟಿದೆ,
ಒಂದು ವಾಲಿದರೆ ಇನ್ನೊಂದು ಸರಿದೂಗಿಸಲಿ ಎಂದು.
ಇಡೀ ಬ್ಯಾಂಡು ಹತ್ತುವುದಿಲ್ಲ. ಆಕೆಗೆ ಬೇಕಾದ್ದು
ಒಂದು ಗೇಣು.
ಗೇಣು ಸಿಕ್ಕಿತು.

ಮರುದಿನ ಫೋನು: "ಬಲಕ್ಕೆ ತಿರುಗಿಸಿದರೆ ಕೆಳಗೆ ಹೋಗುತ್ತದಲ್ಲ!"
ಗುಂಡಿಯ ಎರಡು ತುದಿ ಅದಲುಬದಲು ಮಾಡಿದ್ದೆ.
ನಾಚಿಕೆಯಲ್ಲೇ ಬೆಸುಗೆಕಡ್ಡಿ ಹಿಡಿದು ಹೊರಟರೆ
ಬಾಗಿಲಲ್ಲಿ ತಡೆದಳು. "ಬೇಡ ಬಿಡು,
ನನ್ನ ಹಡಗಿನ ಒಲೆಯ ತಿರುಪೂ ಉಲ್ಟಾನೇ ಇತ್ತು.
ಕೈಗೆ ನೆನಪಿದೆ."

ಕೋಣೆ ಕಾದಂತೆ ಡಯೋಡೂ ಕಾಯಿತು,
ಬೀಕನ್ ಒಂದು ಕೂದಲೆಳೆ ಕೆಳಗೆ ಸರಿಯಿತು.
ಜಿಗ್ರೀಡಾ ಕಣ್ಣು ಮುಚ್ಚಿಕೊಂಡೇ
ಗಂಟು ಬೆರಳಲ್ಲಿ ಒಂದಿಷ್ಟೇ ಎಡಕ್ಕೆ ತಂದಳು,
ಸಾರಿಗೆ ಉಪ್ಪು ನೋಡಿದ ಹಾಗೆ.